ಎಡಗಡೆಯ ಗಿಳಿ

ಹಿರೇಬೆಂಡಿಗೇರಿ, ತಾ. ಶಿಗ್ಗಾಂವಿ
೯ ಫೆಬ್ರುವರಿ ೨೦೨೫

ಪ್ರೀತಿಯ ಜಯಶ್ರೀ ಅಕ್ಕ,

ನಿನ್ನ ಸೊಂಟನೋವು ಈಗ ಹೇಗಿದೆ? ಮನೆ ಕಟ್ಟಿಸುವವರು ಇಟ್ಟಿಗೆ ಹೊರಬೇಕಿಲ್ಲ, ಹೊರುವವರ ಮೇಲೆ ಕಣ್ಣಿಟ್ಟರೆ ಸಾಕು ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ಇಲ್ಲಿ ನಾನು, ನಿನ್ನ ನಾದಿನಿ ತನುಜಾ ಆರಾಮ ಇದ್ದೇವೆ. ಅಪ್ಪನೂ ಆರಾಮ ಎಂದು ಬರೆಯಲು ಹೊರಟರೆ ಪೆನ್ನು ಮುಂದೆ ಹೋಗುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅವನು ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾನೆ. ಅದಕ್ಕೇ ಈ ಪತ್ರ. ನಿನ್ನ ಬಾಗಿಲ ಚೌಕಟ್ಟು ಹೊತ್ತು ರಟ್ಟೀಹಳ್ಳಿಗೆ ಬರುವ ಟೆಂಪೋದ ಮುಬಶೀರನ ಕೈಯಲ್ಲಿ ಕಳಿಸುತ್ತಿದ್ದೇನೆ.

ದಸರೆಯಿಂದ ಅಪ್ಪನ ಬಲಗೈ ನಡುಗುತ್ತಿರುವುದು ನಿನಗೆ ಗೊತ್ತು. ಎಷ್ಟು ನಡುಗುತ್ತದೆ ಎಂಬುದನ್ನು ನಾನು ಮುಚ್ಚಿಟ್ಟಿದ್ದೆ. ಚಹಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಕಣ್ಣೂ ಮಂಜು. ಆದರೂ ಮಗಳ ಮನೆಯ ಬಾಗಿಲಿಗೆ ಬೇರೆಯವರ ಉಳಿ ತಾಗಬಾರದೆಂದು ಹಟ ಹಿಡಿದು, ಚೌಕಟ್ಟಿನ ಮೇಲಿನ ಪಟ್ಟಿಗೆ ನಡುವೆ ಬಳ್ಳಿ, ಎರಡು ತುದಿಗೆ ಎರಡು ಗಿಳಿ ಎಂದು ಗೆರೆ ಹಾಕಿ ಕೂತ. ಮೊದಲ ದಿನವೇ ಉಳಿ ಜಾರಿ ಬಳ್ಳಿಯ ಕುಡಿ ಹಾರಿಹೋಯಿತು. ಅವನಿಗೆ ಅದು ತಿಳಿಯಲೇ ಇಲ್ಲ.

ಹೋದ ವರ್ಷ ಸವಣೂರಿನ ಅಂಗಡಿಯಿಂದ ನಾನು ತಂದ ಕಾರ್ಬೈಡ್ ಬರ್‌ಗಳನ್ನು ನೀನು ನೋಡಿಲ್ಲ. ಬೆರಳುದ್ದದ ಕಡ್ಡಿ, ತುದಿಯಲ್ಲಿ ಹಿಪ್ಪನೇರಳೆ ಹಣ್ಣಿನಂತೆ ಮೈತುಂಬ ಹಲ್ಲು. ಕೈಯಲ್ಲಿ ಹಿಡಿಯುವ ಕರೆಂಟಿನ ಮಷಿನ್‌ಗೆ ಸಿಕ್ಕಿಸಿ ತಿರುಗಿಸಬೇಕು. ಒತ್ತಿದರೆ ಸಾಗವಾನಿ ಸುಟ್ಟು ಕಪ್ಪಾಗುತ್ತದೆ, ಎಳೆಗೆ ಎದುರಾಗಿ ಒಯ್ದರೆ ಪುಟಿದು ಓಡುತ್ತದೆ. ಹಗುರವಾಗಿ ತಾಗಿಸಿದರೆ ಹೇಳಿದಂತೆ ಕೇಳುತ್ತದೆ. ಅಪ್ಪ ಅದನ್ನು ಹಲ್ಲಿನ ಡಾಕ್ಟರನ ಸಾಮಾನು ಎಂದು ಹಂಗಿಸುತ್ತಾನೆ. ಸಂಜೆ ಅವನು ಮಠದ ಕಟ್ಟೆಗೆ ಹೋದಮೇಲೆ ನಾನು ಅವನ ಅಂದಿನ ಕೆಲಸ ತಿದ್ದತೊಡಗಿದೆ. ಗುಂಡು ತಲೆಯ ಬರ್‌ನಿಂದ ಎಲೆಯ ತಗ್ಗು, ಚೂಪು ತಲೆಯದರಿಂದ ನರ. ಮುಗಿಸಿದ ಕೆತ್ತನೆಯನ್ನು ಅಪ್ಪ ಮತ್ತೆ ಮುಟ್ಟುವುದಿಲ್ಲವಲ್ಲ, ಬಾಗಿಲು ನಿಲ್ಲಿಸುವ ದಿನ ಮಾತ್ರ ಒಮ್ಮೆ ಹೆಬ್ಬೆರಳು ಆಡಿಸುತ್ತಾನೆ. ಆ ಧೈರ್ಯ ನನಗೆ. ಮರುದಿನ ದೂರದಿಂದ ನೋಡಿ, "ನಿನ್ನೆ ಕೈ ಚಲೋ ಕುಂತಿತ್ತು ನೋಡು," ಎನ್ನುತ್ತಿದ್ದ. ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಮೂರು ವಾರದಲ್ಲಿ ಬಳ್ಳಿ ಮುಗಿಯಿತು, ಬಲಗಡೆಯ ಗಿಳಿಯೂ ಮುಗಿಯಿತು. ಆ ಗಿಳಿ ಹೆಚ್ಚುಕಡಿಮೆ ಪೂರ್ತಿ ನನ್ನದೇ. ಮೋಸ ಮಾಡುತ್ತಿದ್ದೇನೆ ಎಂದು ಆಗ ಒಮ್ಮೆಯೂ ಅನ್ನಿಸಲಿಲ್ಲ ಅಕ್ಕ, ಅದೇ ಈಗ ಚುಚ್ಚುತ್ತದೆ.

ಸಿಕ್ಕಿಬಿದ್ದದ್ದು ಪೊರಕೆಯಿಂದ. ಉಳಿಯ ಚಕ್ಕೆಗಳನ್ನು ಅಪ್ಪ ಬುಟ್ಟಿಯಲ್ಲಿ ಕೂಡಿಸಿಟ್ಟು ಬೆಳಿಗ್ಗೆ ನೀರೊಲೆಗೆ ತಾನೇ ಹಾಕುವುದು ನಿನಗೆ ನೆನಪಿದೆಯಲ್ಲ. ಬರ್ ಉದುರಿಸುವುದು ಚಕ್ಕೆಯಲ್ಲ, ಹಿಟ್ಟಿನಂಥ ಪುಡಿ. ಅದನ್ನು ದಿನಾ ತಿಪ್ಪೆಗೆ ಚೆಲ್ಲಿ ಬರುತ್ತಿದ್ದೆ. ಹೋದ ಸೋಮವಾರ ಅವಸರದಲ್ಲಿ ಬುಟ್ಟಿಗೇ ಗುಡಿಸಿಬಿಟ್ಟೆ. ಮರುದಿನ ಅಪ್ಪ ಬೊಗಸೆ ತುಂಬ ಒಲೆಗೆ ಹಾಕಿದ, ಭಗ್ಗನೆ ಹತ್ತಿಕೊಂಡಿತು. ಗಾಬರಿಯಾಗಬೇಡ, ಹುಬ್ಬಿನ ಕೂದಲು ಸ್ವಲ್ಪ ಸುಟ್ಟಿತು ಅಷ್ಟೆ. ಅವನು ಹುಬ್ಬು ಮುಟ್ಟಿಕೊಳ್ಳಲೂ ಇಲ್ಲ. ಉಳಿದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಎದ್ದು ಹೋಗಿ ಬಲಗಡೆಯ ಗಿಳಿಯ ಮೈಮೇಲೆ ಹೆಬ್ಬೆರಳು ಆಡಿಸಿದ. ಉಳಿಯ ಕೆಲಸದಲ್ಲಿ ಸಣ್ಣ ಸಣ್ಣ ಏಣುಗಳು ಬೆರಳಿಗೆ ಸಿಗುತ್ತವೆ. ನನ್ನದರಲ್ಲಿ ಏನೂ ಸಿಗಲಿಲ್ಲ. "ಉಳಿ ಹಿಟ್ಟು ಉದರಸಂಗಿಲ್ಲಪಾ ಮಾಲತೇಶ," ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾಲ್ಕು ದಿನ ನನ್ನನ್ನು ಹತ್ತಿರ ಬಿಡದೆ ಎಡಗಡೆಯ ಗಿಳಿಯನ್ನು ತಾನೇ ಕೆತ್ತಿದ. ರೆಕ್ಕೆ ಸೊಟ್ಟಗಾಯಿತು, ಕೊನೆಗೆ ಕೊಕ್ಕಿನ ತುದಿಯೂ ಮುರಿಯಿತು. ಆ ಚೂರನ್ನು ನೆಲದಲ್ಲಿ ತಡಕುತ್ತ ಬಹಳ ಹೊತ್ತು ಕೂತಿದ್ದ. ನಿನ್ನೆ ಉಳಿಗಳಿಗೆಲ್ಲ ಎಣ್ಣೆ ಹಚ್ಚಿ, ಅರಿವೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟ. "ಆ ಗಿಳೀನೂ ನಿನ್ನ ಮಷಿನ್ಲೆ ತಿದ್ದಿಬಿಡು. ಜಯಶ್ರೀ ಮನಿ ಬಾಗಲಾ ಅದು, ನಾಕ ಮಂದಿ ನೋಡ್ತಾರ. ಇನ್ನ ನನ್ನ ಕೈಲೆ ಆಗಂಗಿಲ್ಲ," ಎಂದ. ನಾನು ಹೂಂ ಎಂದೆ. ಒಳಗೆ ಹೋಗಿ ಅತ್ತೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಸೊಂಟಕ್ಕೆ ದಿನಾ ಎಣ್ಣೆ ತಿಕ್ಕಿಸಿಕೊ. ಗುರುವಾರ ಬಾಗಿಲು ನಿಲ್ಲಿಸುವ ಹೊತ್ತಿಗೆ ಅಪ್ಪನನ್ನು ಕರೆದುಕೊಂಡು ಬರುತ್ತೇವೆ.

ನಿನ್ನ ತಮ್ಮ,
ಮಾಲತೇಶ

ತಾ.ಕ.: ಟೆಂಪೋ ಬಂದು ನಿಂತಿದೆ. ಆ ಗಿಳಿಯನ್ನು ನಾನು ತಿದ್ದಿಲ್ಲ. ಅಪ್ಪನಿಗೆ ಕೇಳಿಸಲೆಂದು ಮಷಿನ್ ಸುಮ್ಮನೆ ಗಾಳಿಯಲ್ಲಿ ತಿರುಗಿಸಿ ಆರಿಸಿದೆ, ಗೋಣಿತಟ್ಟು ಸುತ್ತಿ ಹೇರಿದೆ. ಕೊಕ್ಕಿಗೆ ಯಾರೂ ಪುಟ್ಟಿ ತುಂಬದಂತೆ ನೋಡಿಕೊ. ಗುರುವಾರ ಚೌಕಟ್ಟು ಎತ್ತುವ ಮೊದಲು ಅವನು ಅದರ ಮೇಲೆ ಹೆಬ್ಬೆರಳು ಇಟ್ಟೇ ಇಡುತ್ತಾನೆ. ಆಗ ನೀನು ಅವನ ಪಕ್ಕದಲ್ಲಿ ನಿಂತಿರು ಅಕ್ಕ, ನನ್ನಿಂದ ಆಗುವುದಿಲ್ಲ.