ಎರಡನೆಯ ಭಾಗದ ರಟ್ಟಿನೊಳಗೆ

ಕಟ್ಟೆಮಳಲವಾಡಿ
ಗುರುವಾರ, 10-9-1998

ಮುದ್ದಿನ ಮಗಳು ರಮ್ಯಾಗೆ,

ನಿನ್ನ ಅವ್ವ ಮಂಗಳಮ್ಮ ಮಾಡುವ ಆಶೀರ್ವಾದಗಳು. ಹೇಗಿದ್ದೀಯ ಮಗಳೇ? ಬೆನ್ನುನೋವು ಕಡಿಮೆಯಾಯಿತೇ? ಎನ್. ಬೇಗೂರಿನ ಥಂಡಿ ನಿನಗೆ ಒಗ್ಗುವುದಿಲ್ಲ, ಬೆಳಗ್ಗೆ ನೀರಿಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೋ. ನಾವು ಇಲ್ಲಿ ಚೆನ್ನಾಗಿದ್ದೇವೆ. ಬ್ಯಾರನ್‌ನಲ್ಲಿ ಮೂರನೆಯ ಸುತ್ತಿನ ಹೊಗೆಸೊಪ್ಪು ಬೇಯುತ್ತಿದೆ, ನಿಮ್ಮಪ್ಪ ಒಲೆ ಬಿಟ್ಟು ಕದಲುವಂತಿಲ್ಲ. ಈ ಕಾಗದ ನಿನ್ನ ಕೈಗೆ ಸಿಕ್ಕಿದೆ ಎಂದರೆ ನೀನು ಪುಸ್ತಕದ ಹಿಂದಿನ ರಟ್ಟನ್ನೇ ಮೊದಲು ಬಿಡಿಸಿದ್ದೀಯ ಎಂದರ್ಥ. ಪತ್ತೇದಾರಿ ಕಥೆಯ ಕೊನೆಯನ್ನು ಮೊದಲು ಓದುವ ನಿನ್ನ ಹಾಳು ಅಭ್ಯಾಸಕ್ಕೆ ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಈಗ ಅದನ್ನೇ ನಂಬಿಕೊಂಡು, ಕಂದು ಕಾಗದದ ಹೊದಿಕೆಗೂ ಹಿಂದಿನ ರಟ್ಟಿಗೂ ನಡುವೆ ಇದನ್ನು ಇಟ್ಟಿದ್ದೇನೆ. ಓದಿದ ಕೂಡಲೇ ಒಲೆಗೆ ಹಾಕು.

ಹೀಗೆ ಕಳ್ಳತನದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಹೇಳಬೇಕಾಗಿಲ್ಲ. ಮೊನ್ನೆ ಮಂಗಳವಾರ ನಮ್ಮೂರ ಕಂಠಪ್ಪ ನಿನ್ನೂರಿನ ಬಸ್ಸಿನ ಡ್ಯೂಟಿ ಮುಗಿಸಿ ಬಂದವನು ನಾನು ಓದಲು ಕಳಿಸಿದ್ದ ಕಾದಂಬರಿಯ ಮೊದಲ ಭಾಗವನ್ನು ವಾಪಸ್ ತಂದುಕೊಟ್ಟ. ನಾನು ಸುಮ್ಮನೆ ಪುಟ ತಿರುವುತ್ತಿದ್ದೆ. ಮಂಗಳೂರಿಗೆ ಹೋದ ಅಣ್ಣನ ಪತ್ರಕ್ಕಾಗಿ ಎಲಿಸಮ್ಮ ಟಪ್ಪಾಲು ಕಟ್ಟೆಯ ಮೇಲೆ ದಿನವೂ ಕಾಯುವ ಪುಟ ಬಂತು. ಅದರ ಅಂಚಿನಲ್ಲಿ ನಿನ್ನ ಪೆನ್ಸಿಲ್ ಅಕ್ಷರ: "ಅವ್ವಾ, ಗೌರಿ ಹಬ್ಬದಿಂದ ನನಗೂ ಒಂದು ಕಾಗದ ಬಂದಿಲ್ಲ. ನನ್ನನ್ನು ಮರೆತೆಯಾ?" ರಮ್ಯಾ, ಹಬ್ಬ ಕಳೆದ ಮೇಲೆ ನಾನು ಮೂರು ಕಾಗದ ಹಾಕಿದ್ದೇನೆ. ಮೂರನೆಯದು ರಿಜಿಸ್ಟರ್.

ಆ ಮೂರರಲ್ಲೂ ಇದ್ದದ್ದು ಒಂದೇ ವಿಷಯ, ಈಗಲಾದರೂ ಕೇಳು. ನಿನಗೆ ಶಾಲೆಯ ಕೆಲಸದ ಕರೆ ಬಂದಿದೆ! ನೀನು ಮದುವೆಗೆ ಮೊದಲು ಹಾಕಿದ್ದ ಅರ್ಜಿ, ಆದ್ದರಿಂದ ಇಲ್ಲಿನ ವಿಳಾಸಕ್ಕೇ ಬಂತು. ಸೋಮವಾರ, ಹದಿನಾಲ್ಕನೆಯ ತಾರೀಖು, ಹನ್ನೊಂದು ಗಂಟೆಗೆ ಮೈಸೂರಿನ ಕಚೇರಿಯಲ್ಲಿ ನೀನೇ ಖುದ್ದಾಗಿ ನಿಂತು ಸಹಿ ಹಾಕಬೇಕು. ತಪ್ಪಿದರೆ ಪಟ್ಟಿಯಲ್ಲಿ ನಿನ್ನ ಹಿಂದಿರುವವರಿಗೆ ಹೋಗುತ್ತದಂತೆ, ಮತ್ತೆ ಕರೆಯುವುದಿಲ್ಲವಂತೆ. ನಿನ್ನ ಟಿ.ಸಿ.ಎಚ್. ಅಂಕಪಟ್ಟಿಗಳೆಲ್ಲ ನನ್ನ ಟ್ರಂಕಿನಲ್ಲಿ ಭದ್ರವಾಗಿವೆ. ಬೇಕಾಗಿರುವುದು ನೀನು ಮಾತ್ರ. ಸಾಕ್ಷರತೆ ಕ್ಲಾಸಿಗೆ ಹೋಗಲು ನಾಚಿಕೆಪಡುತ್ತಿದ್ದ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದವಳು ನೀನು. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತ ನಾನು ಇವತ್ತು ಕಾದಂಬರಿ ಓದುತ್ತೇನೆ. ಅಂಥವಳು ಶಾಲೆಯಲ್ಲಿ ಮಕ್ಕಳ ಮುಂದೆ ನಿಲ್ಲದೆ ಹೋದರೆ ನನ್ನ ಜೀವಕ್ಕೆ ನೆಮ್ಮದಿಯಿಲ್ಲ.

ನಾನೇ ಬಂದು ಹೇಳಬಾರದಿತ್ತೇ ಎಂದು ಕೇಳುತ್ತೀಯ. ಬಂದಿದ್ದೆ. ಕಳೆದ ಶುಕ್ರವಾರ ಬೇಗೂರಿಗೆ ಬಂದು ನಿಮ್ಮ ಜಗುಲಿಯ ಮೇಲೆ ಎರಡು ಗಂಟೆ ಕೂತಿದ್ದೆ. ಅಳಿಯ ಧರ್ಮೇಂದ್ರ ನಿನ್ನನ್ನು ಕಾಕನಕೋಟೆಯ ನೆಂಟರ ಮನೆಗೆ ಕರೆದುಕೊಂಡು ಹೋಗಿದ್ದಾನೆ ಎಂದರು. ನಿನ್ನ ಮಾವ ಸಣ್ಣಬೀರಯ್ಯನವರಿಗೆ ವಿಷಯ ಹೇಳಿದೆ. ಅವರು ಎಲೆಯಡಿಕೆ ಅಗಿಯುತ್ತಲೇ, "ನಮ್ಮನೆ ಎಣ್ಮಕ್ಳು ಸಂಬಳಕ್ಕೋಗಿದ್ದು ಇಲ್ಲ ಕಣವ್ವ, ಇರ್ಲಿ, ಏಳ್ತೀನಿ ಬುಡಿ" ಎಂದರು. ನಿನ್ನ ಅಕ್ಷರ ನೋಡಿದರೆ ನಾನು ಬಂದದ್ದನ್ನೂ ನಿನಗೆ ಹೇಳಿಲ್ಲ. ಹಿತ್ತಲಿನ ತಂತಿಯ ಮೇಲೆ ನಿನ್ನ ನೀಲಿ ಸೀರೆ ಒಣಗುತ್ತಿತ್ತು. ಅದನ್ನೊಂದು ಸಲ ಮುಟ್ಟಿ ಬಸ್ಸು ಹತ್ತಿದೆ. ಕಾಗದ ಬಚ್ಚಿಟ್ಟವರು ಯಾರು ಎಂದು ಮೊನ್ನೆ ನಿನ್ನ ಅಕ್ಷರ ಓದಿದಾಗಲೇ ನನಗೆ ಖಾತ್ರಿಯಾಯಿತು. ಹೆತ್ತವಳಿಗೆ ಕಾಫಿ ಕೊಟ್ಟು, ಮಗಳ ಕಾಗದವನ್ನು ತೊಲೆಯ ಸಂದಿಗೆ ಸಿಕ್ಕಿಸಿಡುವ ದೊಡ್ಡಸ್ತಿಕೆ ಅವರದು! ನಿಮ್ಮಪ್ಪನಂತೂ, "ಕೊಟ್ಟ ಮೇಲೆ ಕುಲಕ್ಕೆ ಹೊರಗು ಕಣೇ, ನಾವು ಬಾಯಿ ಆಕಬಾರ್ದು" ಅನ್ನುತ್ತಾರೆ. ಅವರು ಒಲೆ ನೋಡಿಕೊಳ್ಳಲಿ, ಮಗಳನ್ನು ನಾನು ನೋಡಿಕೊಳ್ಳುತ್ತೇನೆ.

ಕಾಗದ ಮುಟ್ಟದ ಮನೆಗೆ ಪುಸ್ತಕ ಮುಟ್ಟುತ್ತದೆ ಎಂದು ತೋರಿಸಿಕೊಟ್ಟವರು ನಿನ್ನ ಅತ್ತೆ ಚಿಕ್ಕಬೀರಮ್ಮನವರೇ. ಮೊದಲ ಭಾಗ ಕಳಿಸಿದಾಗ ಅದರ ಮೇಲಿನ ಶಿಲುಬೆ ನೋಡಿ ಅವರು ಕಂಠಪ್ಪನ ಕೈಯಿಂದ ಅದನ್ನು ತೆಗೆದುಕೊಳ್ಳಲೇ ಇಲ್ಲ, ನಿನ್ನನ್ನೇ ಕರೆದರಂತೆ. "ಬ್ಯಾರೆ ದೇವ್ರ ಪುಸ್ತಕ ಕಣಪ್ಪ, ನಾ ಮುಟ್ಟಕಿಲ್ಲ. ಏನಾರ ತಪ್ಪಾದ್ರೆ ಆ ದೇವ್ರಿಗೆ ಎಲ್ಲಿಗೋಗಿ ಕಾಣಿಕೆ ಕಟ್ಲಿ?" ಅಂದರಂತೆ. ಪಾಪ, ಅದು ಪೂಜೆಯ ಪುಸ್ತಕ ಅಂದುಕೊಂಡಿದ್ದಾರೆ. ಒಳಗೆ ಹುಡುಗ ಹುಡುಗಿ ಮಾವಿನ ತೋಪಿನಲ್ಲಿ ಕದ್ದು ಮಾತಾಡುವುದೂ, ಚರ್ಚಿನ ಗಂಟೆ ಮಾಯವಾಗುವುದೂ ಗೊತ್ತಾದರೆ ಏನನ್ನುತ್ತಾರೋ! ವಾಪಸ್ ಕೊಡುವಾಗಲೂ ಅವರು ನಾಲ್ಕು ಹೆಜ್ಜೆ ಹಿಂದೆ ನಿಂತು, ನಿನ್ನ ಕೈಯಿಂದಲೇ ಬಸ್ಸಿನ ಬಾಗಿಲಲ್ಲಿ ಕೊಡಿಸಿದರಂತೆ. ಈ ಸಲ ಹೊದಿಕೆ ಹಾಕಿದ್ದರಿಂದ ಶಿಲುಬೆ ಮುಚ್ಚಿಹೋಯಿತು. ಅದಕ್ಕೆ ನಾನೇ ಕೆಂಪು ಪೆನ್ನಿನಲ್ಲಿ ಮೇಲೊಂದು ಶಿಲುಬೆ ಬರೆದೆ. ಇನ್ನೊಬ್ಬರ ದೇವರನ್ನು ಕಾವಲಿಗೆ ನಿಲ್ಲಿಸುವುದು ತಪ್ಪಲ್ಲವೇ ಎಂದು ಆಗ್ನೆಸಮ್ಮನನ್ನು ಕೇಳಿದೆ. ಹುಣಸೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿನ್ನನ್ನು ಮೊದಲು ಎತ್ತಿಕೊಂಡವರು ಅವರೇ, ಈ ಪುಸ್ತಕಗಳೂ ಅವರ ಪೆಟ್ಟಿಗೆಯವೇ. ಅವರು ನಕ್ಕು, "ಕಾಯೋದು ತಾನೇ ಕಣ್ರೀ ಅವನ ಕೆಲಸ" ಎಂದರು.

ಪುಸ್ತಕದ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ತಡೆಯುವುದಿಲ್ಲ. ಮೊದಲನೆಯದಕ್ಕಿಂತ ಇದು ಚೆನ್ನಾಗಿದೆ, ಖಂಡಿತ ಓದು. ನೂರೈವತ್ತು ವರ್ಷದ ಹಿಂದಿನ ಮಿಷನ್ ಊರು ಕಣ್ಣಿಗೆ ಕಟ್ಟುತ್ತದೆ. ಎಲಿಸಮ್ಮನ ಅಪ್ಪನ ಮೇಲೆ ಗಂಟೆ ಕದ್ದ ಅಪವಾದ ಇನ್ನೂ ಹಾಗೇ ಇದೆ. ನಿಜ ಗೊತ್ತಿರುವವನು ಮಂಗಳೂರಿನ ಅಣ್ಣ, ಅವನ ಪತ್ರ ಅವಳಿಗೆ ಸೇರುತ್ತಿಲ್ಲ. ಹೊಗೆಸೊಪ್ಪಿನ ಹಸಿರು ಎಲೆಯನ್ನು ಕಡ್ಡಿಗೆ ಕಟ್ಟುವ ಹೆಂಗಸರಿಗೆ ನಾನು ದಿನಾ ಹತ್ತು ಪುಟ ಗಟ್ಟಿಯಾಗಿ ಓದುತ್ತಿದ್ದೆ. "ಅವ್ಳ ಚಿಕ್ಕಪ್ಪನೇಯ ಕಣಕ್ಕ ಕಳ್ಳ, ಅವ್ನ ಮೀಸೆ ಓದಿದ್ರೇ ಗೊತ್ತಾಯ್ತದೆ" ಎಂದು ಪಕ್ಕದ ಮನೆ ಸಿದ್ದಲಿಂಗಮ್ಮ ತೀರ್ಪು ಕೊಟ್ಟುಬಿಟ್ಟಳು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಸತ್ಯನಾಥನ ಮೇಲೆ ನಮಗೆಲ್ಲ ಪ್ರಾಣ. ಎಲಿಸಮ್ಮ ಅತ್ತರೆ ಅವನೂ ಅಳುತ್ತಾನೆ, ಅವಳ ಜೊತೆ ಟಪ್ಪಾಲು ಕಟ್ಟೆಯವರೆಗೆ ನಡೆದು ಬರುತ್ತಾನೆ. ಕೊನೆ ಏನೆಂದು ಹೇಳುವುದಿಲ್ಲ, ನೀನೇ ಓದಿಕೋ.

ಈಗ ಸೋಮವಾರದ ವಿಷಯ, ಗಮನವಿಟ್ಟು ಓದು. ಭಾನುವಾರ ನಾನು ಎಚ್.ಡಿ. ಕೋಟೆಗೆ ಬಂದು ಆಗ್ನೆಸಮ್ಮನ ತಂಗಿಯ ಮನೆಯಲ್ಲಿ ಉಳಿಯುತ್ತೇನೆ. ಸೋಮವಾರ ಬೆಳಗ್ಗೆ ಕಂಠಪ್ಪನ ಮೊದಲ ಬಸ್ಸು ಬೇಗೂರಿಗೆ ಬಂದು, ತಿರುಗಿಸಿಕೊಂಡು ಏಳೂಕಾಲಿಗೆ ಹೊರಡುತ್ತದೆ. ಮುಗಿದ ಪುಸ್ತಕ ವಾಪಸ್ ಕೊಡುತ್ತೇನೆ ಎಂದು ಹೇಳಿ ಬಾಗಿಲವರೆಗೆ ಬಾ. ಉಟ್ಟ ಸೀರೆಯಲ್ಲೇ ಬಾ, ಚೀಲ ಹಿಡಿದರೆ ಅನುಮಾನ ಬರುತ್ತದೆ. ನಿನ್ನ ಅತ್ತೆ ನಾಲ್ಕು ಹೆಜ್ಜೆ ಹಿಂದೆಯೇ ಇರುತ್ತಾರೆ. ಬಾಗಿಲ ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ. ಪುಸ್ತಕ ಚಾಚು, ನಾನು ನಿನ್ನ ಕೈ ಹಿಡಿದುಕೊಳ್ಳುತ್ತೇನೆ. ಸಹಿ ಹಾಕಿದ ಮೇಲೆ ನಾವಿಬ್ಬರೇ ಹೋಗಿ ದೊಡ್ಡವರ ಕಾಲಿಗೆ ಬಿದ್ದು ಸಮಾಧಾನ ಮಾಡೋಣ. ಕಂಠಪ್ಪನಿಗೆ ಇದೊಂದೂ ಹೇಳಿಲ್ಲ, ಅವನ ಬಾಯಿಗೆ ಬಿದ್ದ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರುತ್ತದೆ. ಧರ್ಮೇಂದ್ರನಿಗೆ ಮಾತ್ರ ಹೇಳು. ಅಪ್ಪನ ಎದುರು ಬಾಯಿ ಬಿಡದಿದ್ದರೂ ಹುಡುಗ ಒಳ್ಳೆಯವನು, ನಿನ್ನ ಮೇಲೆ ಜೀವ ಇಟ್ಟುಕೊಂಡಿದ್ದಾನೆ. ಅವನೇ ನಿನ್ನನ್ನು ಬಸ್ಸಿನವರೆಗೆ ಬಿಟ್ಟರೂ ಬಿಟ್ಟಾನು.

ಹೊಟ್ಟೆ ತುಂಬ ಉಣ್ಣು. ಹೆದರಬೇಡ. ಮನೆದೇವರು ನಿನ್ನನ್ನು ಕಾಯಲಿ, ಆಗ್ನೆಸಮ್ಮನ ದೇವರೂ ಒಂದು ಕಣ್ಣಿಟ್ಟಿರಲಿ.

ಇತಿ ನಿನ್ನನ್ನೇ ನೆನೆಯುವ
ಅವ್ವ
ಮಂಗಳಮ್ಮ

ಮರೆತ ಮಾತಲ್ಲ, ಈಗ ಬಂದದ್ದು: ಹೊದಿಕೆಗೆ ಅಂಟು ಹಾಕುತ್ತಿದ್ದಾಗ ಪೋಸ್ಟಿನವನು ಬಂದು ರಿಜಿಸ್ಟರ್ ಕಾಗದದ ಸ್ವೀಕೃತಿ ಕಾರ್ಡು ಕೊಟ್ಟು ಹೋದ. ಅದರ ಮೇಲಿರುವ ಸಹಿ ನಿನ್ನ ಮಾವನದಲ್ಲ. ಧರ್ಮೇಂದ್ರನದು. ನಿನ್ನ ಮದುವೆಯ ಕರೆಯೋಲೆಗಳ ಮೇಲೆ ಬರೆಯಲೆಂದು ನಾನು ವಾರಗಟ್ಟಲೆ ಸ್ಲೇಟಿನಲ್ಲಿ ತಿದ್ದಿದ ಹೆಸರು, ಮದುವೆಯಾದ ಮೇಲೆ ಅವನೇ ಬರೆದ ಕಾಗದದ ಕೆಳಗೆ ನೋಡಿದ ಸಹಿ, ನನಗೆ ತಪ್ಪು ತಿಳಿಯಲು ಸಾಧ್ಯವಿಲ್ಲ. ಕಳೆದ ಗುರುವಾರವೇ ಅವನ ಕೈಗೆ ಸೇರಿದೆ. ಶುಕ್ರವಾರ ಬರುತ್ತೇನೆ ಎಂದು ನಾನು ಬರೆದದ್ದು ಅದರಲ್ಲೇ. ಅವತ್ತೇ ನಿನ್ನನ್ನು ಕಾಕನಕೋಟೆಗೆ ಯಾಕೆ ಕರೆದುಕೊಂಡು ಹೋದ ಎಂದು ಈಗ ತಿಳಿಯಿತು. ಕಂಠಪ್ಪ ಹೊಸ್ತಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಮೇಲೆ ಬರೆದದ್ದನ್ನು ತಿದ್ದಲು ಹೊತ್ತಿಲ್ಲ. ಕೊನೆಯ ಹಾಳೆಯನ್ನೇ ಮೇಲಿಟ್ಟು ಮಡಿಸುತ್ತೇನೆ, ನೀನು ಹೇಗೂ ಇದನ್ನೇ ಮೊದಲು ಓದುತ್ತೀಯ. ಧರ್ಮೇಂದ್ರನಿಗೆ ಹೇಳಬೇಡ. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ: ಎಲಿಸಮ್ಮನ ಪತ್ರಗಳೆಲ್ಲ ಸತ್ಯನಾಥನ ಮೊಳೆಪೆಟ್ಟಿಗೆಯಲ್ಲೇ ಇದ್ದವು. ಅಣ್ಣ ಕರೆದರೆ ಅವಳು ಹೊರಟುಹೋಗುತ್ತಾಳೆ ಎಂಬ ಹೆದರಿಕೆ ಅವನಿಗೆ. ಅವಳು ಅವನನ್ನು ಕ್ಷಮಿಸುತ್ತಾಳೆ. ಓದಿ ನಾವೆಲ್ಲ ಅತ್ತೆವು. ನಿನಗೂ ಕ್ಷಮಿಸಬೇಕು ಎನಿಸಿದರೆ ನಾನು ಬೇಡ ಎನ್ನುವುದಿಲ್ಲ. ಮಂಗಳವಾರ ಕ್ಷಮಿಸು. ಸೋಮವಾರ ಬಾ.