ನಿಮ್ಮ ಫೋಟೋದ ಹಿಂದಿನ ನಂಬರು

ಗುರುವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಇವಳು ಯಾವ ಕಾಲದಲ್ಲಿ ಪೆನ್ನು ಹಿಡಿದಳು ಎಂದು ಗಾಬರಿಯಾಗಬೇಡಿ, ಅಂಥದ್ದೇನೂ ಆಗಿಲ್ಲ. ಮೆಸೇಜು ಕಳಿಸಿದರೆ ನೀವು ಓದಿದಿರಾ ಇಲ್ಲವಾ ಎಂದು ಪರದೆ ನೋಡುತ್ತಾ ಕೂರುವ ಚಟ ನನಗೆ. ಫೋನ್ ಮಾಡೋಣವೆಂದರೆ, ಈ ಮನೆಯಿಂದ ಫೋನ್ ಬಂದರೆ ಸಾಕು ಎದೆ ಹೊಡೆದುಕೊಳ್ಳುತ್ತದೆ ಎಂದು ನೀವೇ ಹೇಳಿದ್ದೀರಿ. ಹಾಗಾಗಿ ಕಾಗದ. ಅಕ್ಷರ ಕೋಳಿ ಕೆದರಿದ ಹಾಗಿದೆ. ದಿನವಿಡೀ ಕೀಲಿಮಣೆ ಕುಟ್ಟುವವಳ ಕೈ, ಸಹಿಸಿಕೊಳ್ಳಿ.

ಮೊದಲು ವಿಷಯ. ನೀವು ಹೇಳಿದ ಕೆಲಸ ಆಯಿತು. ಅಮ್ಮನ ಫೋನಿನಿಂದ ನಿಮ್ಮ ನಂಬರು ತೆಗೆದಿದ್ದೇನೆ. ಅವನು ಆಫೀಸಿಂದ ಬಂದ್ನಾ, ಅಂತ ಅವಳು ಇನ್ನು ಸಂಜೆ ಸಂಜೆ ನಿಮ್ಮನ್ನು ಕೇಳುವುದಿಲ್ಲ. ಅಣ್ಣ ತೀರಿಕೊಂಡ ಮೇಲೂ ಇಷ್ಟು ದಿನ ಆ ಪ್ರಶ್ನೆಗೆ ಏನೋ ಒಂದು ಉತ್ತರ ಕೊಡುತ್ತಾ ಬಂದಿರಲ್ಲ, ಅದೇ ಹೆಚ್ಚು. ನಂಗೆ ಇನ್ನು ಆಗಲ್ಲ ಕಣೇ, ಅಂತ ನೀವು ಅಂದಾಗ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಇಲ್ಲ, ಸುಳ್ಳು. ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಂಬರು ತೆಗೆಸಿಕೊಂಡು ಪಾರಾಗುವ ದಾರಿ ನನಗಿಲ್ಲವಲ್ಲ ಎಂದು.

ನನ್ನ ಕೆಲಸ ನಿಮಗೆ ಗೊತ್ತು. ಬೇರೆಯವರು ಬರೆದ ತಂತ್ರಾಂಶದಲ್ಲಿ ತಪ್ಪು ಹುಡುಕಿ ಅವರಿಂದಲೇ ಬೈಸಿಕೊಳ್ಳುವುದು. ತಪ್ಪಿದೆ ಎಂದರೆ ಯಾರೂ ನಂಬುವುದಿಲ್ಲ, ಎಲ್ಲಿ, ನಮ್ಮೆದುರಿಗೆ ಇನ್ನೊಮ್ಮೆ ಮಾಡಿ ತೋರಿಸು ಅನ್ನುತ್ತಾರೆ. ನಾನೊಬ್ಬಳೇ ಇದ್ದಾಗ ಕೈಕೊಟ್ಟ ಆ ಹಾಳಾದ್ದು, ನಾಲ್ಕು ಜನ ಸೇರಿದ ಕೂಡಲೇ ಸಾಧುವಾಗಿಬಿಡುತ್ತದೆ. ಅಮ್ಮನ ಮರೆವಿನ ವಿಷಯದಲ್ಲಿ ಆ ತೊಂದರೆಯಿಲ್ಲ. ಹೊರಗೆ ಬೀದಿದೀಪ ಹತ್ತಿತೆಂದರೆ ತಪ್ಪದೆ ಅದೇ ಪ್ರಶ್ನೆ. ಯಾಕೆ ಹೀಗಾಗುತ್ತದೆ ಎಂದು ಡಾಕ್ಟರು ಮಿದುಳಿನ ಚಿತ್ರ ತೋರಿಸಿ ವಿವರಿಸಿದ್ದಾರೆ. ಸರಿ ಮಾಡುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ನಿಜ ಹೇಳಿಯೂ ನೋಡಿದೆವು. ಅವನಿಲ್ಲಮ್ಮ, ಹೋಗಿಬಿಟ್ಟ, ಅಂತ. ಪ್ರತಿ ಸಲವೂ ಅವಳಿಗೆ ಅದು ಈಗಷ್ಟೇ ಬಂದ ಸುದ್ದಿ. ಆಮೇಲೆ ಕಾರಣ ಮರೆತುಹೋಗುತ್ತದೆ, ಅಳು ಉಳಿಯುತ್ತದೆ. ನಾನ್ಯಾಕೆ ಅಳ್ತಿದೀನಿ, ಅಂತ ನನ್ನನ್ನೇ ಕೇಳುತ್ತಾಳೆ. ಈರುಳ್ಳಿ ಹೆಚ್ಚಿದೆಯಲ್ಲಮ್ಮ, ಅಂದೆ ಒಂದು ಸಲ. ಹೌದಾ ಅಂತ ಕಣ್ಣೊರೆಸಿಕೊಂಡಳು.

ಮನೆ ತುಂಬ ಸಲಕರಣೆ ತಂದಿಟ್ಟಿದ್ದೇನೆ. ಮಾತ್ರೆಯ ಹೊತ್ತಿಗೆ ಕೂಗುವ ಡಬ್ಬಿ, ವಾರವನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಗಡಿಯಾರ, ನಂಬರಿನ ಬದಲು ಮುಖಗಳಿರುವ ಆ ಫೋನು. ಡಬ್ಬಿ ಕೂಗಿದರೆ ಅಮ್ಮ ಹೋಗಿ ಬಾಗಿಲು ತೆಗೆಯುತ್ತಾಳೆ, ಯಾರೂ ಇಲ್ಲದ್ದು ನೋಡಿ ನನಗೆ ಬೈಯುತ್ತಾಳೆ.

ಅಪ್ಪನ ಕಿವಿಯ ಮಷೀನಿನ ಕತೆ ಇನ್ನೊಂದು. ಏನೂ ಕೇಳಿಸ್ತಿಲ್ಲ, ಕೆಟ್ಟುಹೋಗಿದೆ ಅಂತ ಒಂದೇ ರಾಗ. ಅಂಗಡಿಗೆ ಒಯ್ದರೆ, ಚೆನ್ನಾಗೇ ಇದೆಯಲ್ಲ ಮೇಡಂ, ಅಂದ ಅಂಗಡಿಯವನು. ಕೊನೆಗೆ ಅದನ್ನು ನನ್ನ ಫೋನಿಗೆ ಜೋಡಿಸಿ, ಯಾವಾಗ ಚಾಲೂ ಯಾವಾಗ ಬಂದ್ ಎಂಬ ಲೆಕ್ಕ ತೆಗೆದು ನೋಡಿದೆ. ಬೆಳಿಗ್ಗೆಯಿಂದ ಚಾಲೂ ಇರುತ್ತದೆ, ಬೀದಿದೀಪ ಹತ್ತುವ ಹೊತ್ತಿಗೆ ಬಂದ್ ಆಗುತ್ತದೆ. ಈಗಲೂ ಅವರು ಕೆಟ್ಟಿದೆ ಅಂದರೆ, ಕೊಡಿ ಅಪ್ಪಾ ನೋಡ್ತೀನಿ ಅಂತ ಇಸಕೊಂಡು, ಬಟ್ಟೆಯಲ್ಲಿ ಒರೆಸಿ ವಾಪಸ್ ಕೊಡುತ್ತೇನೆ.

ಈಗ ನಿಮ್ಮ ನಂಬರಿನ ವಿಷಯ ಪೂರ್ತಿ ಹೇಳಿಬಿಡುತ್ತೇನೆ, ಬೈಯಬೇಡಿ. ಮೊದಲ ದಿನ ನಂಬರು, ಫೋಟೋ ಎರಡೂ ತೆಗೆದಿದ್ದೆ. ಅಮ್ಮ ಪರದೆಯ ಆ ಖಾಲಿ ಜಾಗವನ್ನು ಬೆರಳಲ್ಲಿ ಒತ್ತುತ್ತಾ ಕೂತಳು. ನನ್ನ ಸೊಸೆ ಎಲ್ಲಿ ಹೋದ್ಲು, ಅಂತ ಕೇಳಿದಳು. ನನಗೆ ನೋಡಲಾಗಲಿಲ್ಲ ಅತ್ತಿಗೆ. ಫೋಟೋ ವಾಪಸ್ ಹಾಕಿ, ಅದರ ಹಿಂದೆ ಆಫೀಸಿನವರು ಪರೀಕ್ಷೆಗೆಂದು ನನಗೆ ಕೊಟ್ಟಿರುವ ಫೋನಿನ ನಂಬರು ಕೂರಿಸಿದೆ.

ಸಂಜೆ ಅವಳು ಸೋಫಾದಲ್ಲಿ ಕೂತು ನಿಮ್ಮ ಮುಖ ಒತ್ತುತ್ತಾಳೆ. ನಾನು ಕೋಣೆಯ ಬಾಗಿಲು ಮುಚ್ಚಿ, ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ನನ್ನ ಮೈಕು ಬಂದ್ ಮಾಡಿ, ಹಲೋ ಅತ್ತೆ ಅನ್ನುತ್ತೇನೆ. ಧ್ವನಿ ಇಳಿಸಿ, ನಿಮ್ಮ ಹಾಗೆ ನಿಧಾನಕ್ಕೆ. ಫೋಟೋ ನಿಮ್ಮದಾದ್ದರಿಂದ ಅವಳಿಗೆ ಅನುಮಾನ ಬರುವುದಿಲ್ಲ. ಅವರಿಗೆ ಇವತ್ತು ಕೆಲಸ ಜಾಸ್ತಿಯಂತೆ, ನೀವು ಊಟ ಮಾಡಿ ಅತ್ತೆ, ಅನ್ನುತ್ತೇನೆ. ಸರಿ ಕಣಮ್ಮ ಅಂತ ಫೋನ್ ಇಟ್ಟು, ಗಲಾಟೆಯಿಲ್ಲದೆ ಊಟ ಮಾಡುತ್ತಾಳೆ. ಮೊನ್ನೆ ಮಾತ್ರ ಬಾಯಿತಪ್ಪಿ, ಬಂದಿದಾರೆ ಅತ್ತೆ, ಅಂದುಬಿಟ್ಟೆ. ಹಾಗಾದ್ರೆ ಅವನ ಕೈಗೆ ಕೊಡು ಅಂದಳು. ಸ್ನಾನಕ್ಕೆ ಹೋಗಿದಾರೆ ಅಂದೆ. ಪರವಾಗಿಲ್ಲ, ಕಾಯ್ತೀನಿ ಅಂದಳು. ಅವಳು ಆಚೆ ಫೋನ್ ಹಿಡಿದು ಕೂತಿದ್ದಳು, ನಾನು ಈಚೆ.

ಇದನ್ನು ಜೊತೆಯಲ್ಲಿ ಕೆಲಸ ಮಾಡುವವನೊಬ್ಬನಿಗೆ ಹೇಳಿದ್ದೇ ತಪ್ಪಾಯಿತು. ನಿಮ್ಮಣ್ಣ ಮಾತಾಡಿ ಕಳಿಸಿದ ಹಳೇ ಮೆಸೇಜು ಇದ್ರೆ ಕೊಡು, ಅದೇ ಧ್ವನೀಲಿ ಉತ್ತರ ಕೊಡೋ ಹಾಗೆ ಮಾಡ್ಕೊಡ್ತೀನಿ, ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಬೇಡಪ್ಪ ಅಂದೆ. ಆದರೆ ಮನೆಗೆ ಬಂದು ಆ ಮೆಸೇಜುಗಳನ್ನೆಲ್ಲ ಹುಡುಕಿ ಒಂದೆಡೆ ಸೇರಿಸಿಟ್ಟಿದ್ದೇನೆ. ಬರುವಾಗ ಹಾಲು ತರಬೇಕಾ, ಅಂತ ಕೇಳಿದ್ದೂ ಇದೆ. ನನ್ನ ಕೈಗೆ ಬುದ್ಧಿಯಿಲ್ಲ, ಯಾವುದಾದರೂ ಸಂಜೆ ಕೊಟ್ಟೇಬಿಡುತ್ತೇನೆ. ನೀವು ಅಣ್ಣನ ಹೆಂಡತಿ. ನೀವು ಬೇಡ ಅನ್ನಿ, ನಿಲ್ಲಿಸುತ್ತೇನೆ.

ಮಾಡು ಅಂದರೂ ಮಾಡುತ್ತೇನೆ. ಯಾವುದಾದರೊಂದು ಹೇಳಿ.

ಇಂತಿ,
ನಿಮ್ಮ ಬಾಯಿಬಡುಕಿ ನಾದಿನಿ

ಮರೆತ ಮಾತು: ನಿನ್ನೆ ನೀವಾಗಿ ಮಾತಾಡಿ ಮುಗಿಸಿ, ನಾನಾಗಿ ಕೋಣೆಯಿಂದ ಹೊರಬಂದೆ. ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡಳು. ನಿಮ್ಮ ಅತ್ತಿಗೆ ಧ್ವನಿ ಯಾಕೋ ಸೋತುಹೋಗಿದೆ ಕಣೇ, ಎಲ್ಲಾನೂ ಒಬ್ಬಳೇ ಹೊತ್ಕೊಂಡಿದಾಳೆ ಅನ್ಸುತ್ತೆ, ಪಾಪ, ಚೆನ್ನಾಗಿದಾಳಾ ಅಂತ ನೀನಾದ್ರೂ ಒಂದ್ಸಲ ವಿಚಾರಿಸು, ಅಂದಳು. ವಿಚಾರಿಸ್ತೀನಮ್ಮ ಅಂದೆ. ಕೊಟ್ಟ ಮಾತಿಗೆ ಕೇಳುತ್ತಿದ್ದೇನೆ, ಚೆನ್ನಾಗಿದ್ದೀರಾ ಅತ್ತಿಗೆ?