ತೊಂಬತ್ತೆಂಟು ಪಾಯಿಂಟ್ ನಾಲ್ಕು

೯-೬-೨೦೦೮, ಬೆಳಿಗ್ಗೆ ೭.೨೦
ಎಂದಿನಂತೆ ಮೊದಲು ಎಳನೀರು, ಆಮೇಲೆ ಥರ್ಮಾಮೀಟರ್. ಬಾಯಿ ತುಂಬ ಹುಣ್ಣು. ಒಣ ನಾಲಿಗೆಗೆ ಗಾಜು ಚುಚ್ಚುತ್ತದೆ ಅನ್ನುತ್ತಾಳೆ ಲಕ್ಷ್ಮಿ. ೯೮.೪. ವಾಂತಿ ಒಂದು ಸಲ. ಪಂಪ್‌ಹೌಸಿಗೆ ನಡೆದು ಮೆಸೇಜ್ ಕಳಿಸಿದೆ — ತೋಟದಲ್ಲಿ ಸಿಗ್ನಲ್ ಅಲ್ಲಿ ಮಾತ್ರ. ಬೆಂಗಳೂರಿನ ಆಸ್ಪತ್ರೆಯ ಕಂಪ್ಯೂಟರ್‌ನಿಂದ ಉತ್ತರ: ಓಕೆ.

ಮೂರನೇ ಕೀಮೋ ಆಗಿ ಏಳು ದಿನ. ಇನ್ನೊಂದು ವಾರ ರಕ್ತದಲ್ಲಿ ಬಿಳಿಕಣ ಕಡಿಮೆ. ಜ್ವರ ೧೦೦.೪ ದಾಟಿದರೆ ಕಂಪ್ಯೂಟರ್ ನರ್ಸ್‌ಗೆ ತಿಳಿಸುತ್ತದೆ. ತಡವಾದರೆ ಜೀವಕ್ಕೇ ಅಪಾಯ ಎಂದು ಆಕೆ ಎರಡು ಸಲ ಹೇಳಿದ್ದಾರೆ.

೧೦-೬
೯೮.೪. ಓಕೆ.
ಕಾಯಿ ಕೀಳುವ ಗಿಡ್ಡಯ್ಯ ಎಳನೀರು ಕೆತ್ತುತ್ತಾ, "ಅಮ್ಮಾವ್ರ ಜ್ವರಾನ ಪಂಪ್‌ಹೌಸಿಂದ ಬೆಂಗ್ಳೂರ್ಗೆ ಕಳುಸ್ತೀರಲ್ಲ ಸ್ವಾಮಿ, ಮಾತ್ರೇನೂ ಫೋನ್ನಾಗೇ ಉದುರ್ತವಾ?" ಅಂದ. ಲಕ್ಷ್ಮಿ ನಕ್ಕಳು. ತುಟಿ ಬಿರಿದು ರಕ್ತ ಬಂತು.

೧೨-೬, ಸಂಜೆ ೬
ನಿನ್ನೆ ಬರೆಯಲಿಲ್ಲ. ಎರಡು ದಿನವೂ ೯೮.೪.
ಈಗ ಎಬ್ಬಿಸುವಾಗ ಅಂಗೈ ಸುಟ್ಟಂತಾಯಿತು.
"ಮೈ ಬಿಸಿ ಕಣೇ."
"ಸೆಖೆ ಕಣ್ರೀ, ಬುಡಿ. ಹೋದ್ಸಲ ಜ್ವರ ಅಂತ ಆಸ್ಪತ್ರೇಲಿ ಒಂಬತ್ತು ದಿನ ಮಲಗ್ಸಿದ್ರು. ಮತ್ತೆ ಅಲ್ಲಿಗ್ ಬರಲ್ಲ."
ಎಳನೀರು ಕೊಟ್ಟು, ಅಳೆದೆ. ೯೮.೮. ಕೈ ನಂಬಲೇ, ಪಾದರಸ ನಂಬಲೇ? ಪಾದರಸಕ್ಕೆ ಸುಳ್ಳು ಹೇಳುವ ಕಾರಣವಿಲ್ಲ... ಭಯ ಮಾತ್ರ ಹೋಗಲಿಲ್ಲ.

೧೩-೬, ಬೆಳಿಗ್ಗೆ ೬.೪೦
ಗಿಡ್ಡಯ್ಯ ಬಂದಿಲ್ಲ. ಲಕ್ಷ್ಮಿ ನಡುಗುತ್ತಿದ್ದಳು. ಎಳನೀರಿಗೆ ಕಾಯದೆ ಥರ್ಮಾಮೀಟರ್ ಇಟ್ಟೆ. ೧೦೨.೬. ಒದರಿ ಮತ್ತೆ ಇಟ್ಟೆ. ೧೦೨.೬.
ದಿನದಂತೆ ರಾತ್ರಿ ತಣ್ಣಗಾಗಲೆಂದು ನೀರಿನ ತೊಟ್ಟಿಗೆ ಹಾಕಿದ್ದ ಎಳನೀರು ಹಾಗೇ ತೇಲುತ್ತಿತ್ತು. ಆಗ ಹೊಳೆಯಿತು. ಇಷ್ಟು ದಿನ ನಾನು ಕಳಿಸಿದ್ದು ಅವಳ ಜ್ವರವಲ್ಲ, ಎಳನೀರಿನ ತಂಪು.

೭.೧೦
ಓಡಿ ಹೋಗಿ ಕಳಿಸಿದೆ. ಎರಡೇ ನಿಮಿಷಕ್ಕೆ ನರ್ಸ್ ಫೋನು. "ಈಗಲೇ ಹೊರಡಿ. ಜ್ವರ ಎಷ್ಟು ದಿನದಿಂದ?"
ದಿನವೂ ಬರೆದಿಟ್ಟವನು ನಾನು. "ಗೊತ್ತಿಲ್ಲ" ಅಂದೆ.

೭.೪೫
ಕಾರು ಕಿಬ್ಬನಹಳ್ಳಿಯಿಂದ ಬರಬೇಕು. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ನಿಮಿಷಕ್ಕೊಮ್ಮೆ ಹೆಸರು ಹಿಡಿದು ಕರೆಯುತ್ತೇನೆ. ಮೊದಲು "ಏನ್ರೀ" ಅಂತಿದ್ದಳು. ಆಮೇಲೆ ಬರೀ "ಹ್ಞೂ".
ಹಾರ್ನ್ ಕೇಳಿಸಿತು. ಕರೆದೆ. ಈ ಸಲ "ಹ್ಞೂ" ಕೂಡ ಬರಲಿಲ್ಲ —